ಹಕ್ಕಿ ಕಾದ ಫೋನು

ಏನೂ ಗೊತ್ತಿಲ್ಲದವನು ಹಾಯಾಗಿರುತ್ತಾನೆ, ಎಲ್ಲ ಗೊತ್ತಿರುವವನೂ ಹೇಗೋ ಬದುಕಿಕೊಳ್ಳುತ್ತಾನೆ. ಕಷ್ಟವೆಲ್ಲ ಅಲ್ಪಸ್ವಲ್ಪ ಗೊತ್ತಿರುವವನಿಗೆ. ನಾನು ನವಲಗುಂದ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮಾಸ್ತರ. ಎರಡು ವರ್ಷದ ಹಿಂದೆ ಶಾಲೆಯ ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದ್ದ ಕಾಗದವೊಂದನ್ನು ಹರಿಯದ ಹಾಗೆ ಹೊರಗೆಳೆದೆ. ನಾನು ಮಾಡಿದ ತಪ್ಪು ಅದೊಂದೇ. ಅಂದಿನಿಂದ ನಮ್ಮ ಮುಖ್ಯೋಪಾಧ್ಯಾಯಿನಿ, ಅಂದರೆ ದೊಡ್ಡ ಬಾಯಾರು, "ಕಂಪ್ಯೂಟರ್ ಕೆಲಸ ಸರ್‌ಗೆ ಬಿಡ್ರಿ, ಅವ್ರು ಅದರಾಗ ಅಗದಿ ಶಾಣ್ಯಾ ಅದಾರ" ಎಂದು ಬಂದವರಿಗೆಲ್ಲ ಹೇಳತೊಡಗಿದರು. ಹೊಗಳಿಕೆ ಬಂದಾಗ ತಡೆಯುವ ಚಟ ನನಗಿಲ್ಲ.

ನಮ್ಮ ಶಾಲೆಯ ತೊಂದರೆ ಹೀಗಿದೆ. ಆಫೀಸಿನ ಕಂಪ್ಯೂಟರಿಗೆ ತಂತಿಯ ಮೇಲೆ ಇಂಟರ್ನೆಟ್ ಬರುತ್ತದೆ, ಆದರೆ ಮೊಬೈಲಿನ ಸಿಗ್ನಲ್ ಮಾತ್ರ ಗೇಟಿನಿಂದಾಚೆಯೇ ನಿಂತುಬಿಡುತ್ತದೆ. ಯಾವ ಅರ್ಜಿ ತುಂಬಬೇಕಾದರೂ ಓಟಿಪಿ ಬರುವುದು ಮೊಬೈಲಿಗೆ. ಆ ಅರ್ಜಿಯನ್ನು ಮೊಬೈಲಿನಲ್ಲೇ ತುಂಬೋಣವೆಂದರೆ 'ಸಲ್ಲಿಸಿ' ಎಂಬ ಗುಂಡಿ ಪರದೆಯ ಆಚೆ ಎಲ್ಲೋ ಹೋಗಿ ಕೂತಿರುತ್ತದೆ. ಇಡೀ ಊರಿನಲ್ಲಿ ಸಿಗ್ನಲಿನ ಗೀಟು ಪೂರ್ತಿ ತೋರುವ ಜಾಗ ಒಂದೇ: ಶಾಲೆಯ ಹಿಂದಿನ ಕರಿಮಣ್ಣಿನ ಎರಿ ಹೊಲದಲ್ಲಿ, ಜೋಳಕ್ಕೆ ಬರುವ ಹಕ್ಕಿ ಓಡಿಸಲು ನಾಲ್ಕು ಕಂಬದ ಮೇಲೆ ಕಟ್ಟಿದ ಪಾರವ್ವನ ಅಟ್ಟಣಿಗೆ. ಪಾರವ್ವ ನಮ್ಮ ಬಿಸಿಯೂಟದ ಅಡಿಗೆಯಾಕೆ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಹೊಲಕ್ಕೆ ಹೋಗಿ ಅಟ್ಟಣಿಗೆ ಹತ್ತುತ್ತಾಳೆ. ಅವಳು ಒಮ್ಮೆ "ಹೋಯ್ಯ್" ಎಂದರೆ ಹಕ್ಕಿಗಳಷ್ಟೇ ಅಲ್ಲ, ಹತ್ತನೇ ತರಗತಿಯಲ್ಲಿ ತೂಕಡಿಸುವವರೂ ಎದ್ದು ಕೂಡುತ್ತಾರೆ.

ನಾನು ಒಂದು ಉಪಾಯ ಹುಡುಕಿದೆ. ಫೋನಿಗೆ ಬಂದ ಸಂದೇಶ ಕಂಪ್ಯೂಟರಿನಲ್ಲೂ ಕಾಣುವಂತೆ, ಕಂಪ್ಯೂಟರಿನಲ್ಲಿ ಬರೆದದ್ದು ಫೋನಿನಿಂದ ಹೋಗುವಂತೆ ಎರಡನ್ನೂ ಜೋಡಿಸಿಬಿಟ್ಟೆ. ಫೋನು ಅಟ್ಟಣಿಗೆಯ ಮೇಲೆ, ನಾನು ಆಫೀಸಿನ ಫ್ಯಾನಿನ ಕೆಳಗೆ. ದೊಡ್ಡ ಬಾಯಾರು ಅದನ್ನು ನೋಡಿ ಚಹಾ ತರಿಸಿದರು. ಆ ಜೋಡಣೆ ಹೇಗಿತ್ತೆಂದರೆ, ಸಂದೇಶ ಬರುತ್ತಿತ್ತು, ನಿಜ, ಆದರೆ ತನಗೆ ಮನಸ್ಸು ಬಂದಾಗ ಬರುತ್ತಿತ್ತು. ಒಂದು ದಿನ ನನ್ನ ಹೆಂಡತಿ 'ಬರುವಾಗ ಬದನಿಕಾಯಿ ತರ್ರಿ' ಎಂದು ಕಳಿಸಿದ್ದು ಮರುದಿನ ಹನ್ನೊಂದಕ್ಕೆ ಕಂಪ್ಯೂಟರಿನಲ್ಲಿ ಮೂಡಿತು. ಅಂದಿನದೇ ಎಂದು ತಿಳಿದು ನಾನು ವಿಧೇಯನಾಗಿ ಎರಡು ಕಿಲೋ ಒಯ್ದೆ. ಅಷ್ಟರಲ್ಲಿ ಅವಳೂ ಎರಡು ಕಿಲೋ ತಂದಾಗಿತ್ತು. ನಾಲ್ಕು ದಿನ ಎಣ್ಣೆಗಾಯಿ ಉಂಡೆವು. ಐದನೇ ದಿನ ನಾನು ಆ ಜೋಡಣೆಯ ಬಗ್ಗೆ ಮನೆಯಲ್ಲಿ ಹೊಗಳಿಕೊಳ್ಳುವುದನ್ನು ಬಿಟ್ಟೆ, ಶಾಲೆಯಲ್ಲಿ ಬಿಡಲಿಲ್ಲ.

ಹೀಗಿರುವಾಗ ಖೋ ಖೋ ಪಂದ್ಯದ ಅರ್ಜಿಯ ಕಡೆಯ ದಿನ ಬಂತು. ನಮ್ಮ ಹುಡುಗಿಯರ ತಂಡ ಒಳ್ಳೆಯದು. ಹೋದ ವರ್ಷ ಅರ್ಜಿ ತಡವಾಗಿ, ಆಡದೇ ಉಳಿದಿದ್ದರು. ತಂಡದ ಅರ್ಧಕ್ಕರ್ಧ ಹತ್ತನೇ ತರಗತಿಯವರು, ಮುಂದಿನ ವರ್ಷ ಅವರು ಈ ಶಾಲೆಯಲ್ಲೇ ಇರುವುದಿಲ್ಲ. ಸಂಜೆ ಐದಕ್ಕೆ ಗಡುವು. ದೊಡ್ಡ ಬಾಯಾರು ಬೆಳಿಗ್ಗೆಯೇ ನವಲಗುಂದಕ್ಕೆ ಮೀಟಿಂಗಿಗೆ ಹೊರಟವರು, "ನೀವಿರೂತನಾ ನನಗ ಚಿಂತಿಲ್ರಿ" ಎಂದು ಹೇಳಿಹೋದರು.

ಎರಡು ಗಂಟೆಗೆ ಪಾರವ್ವನ ಕೈಗೆ ಫೋನು ಕೊಟ್ಟು ಕಳಿಸಿ ಕೂತೆ. ಹನ್ನೆರಡು ಹೆಸರು ತುಂಬಿ ಓಟಿಪಿ ಕೇಳಿದೆ. ಅದರ ಆಯುಷ್ಯ ಮೂರು ನಿಮಿಷ. ಅದು ಕಂಪ್ಯೂಟರಿಗೆ ಬಂದದ್ದು ಹದಿನೇಳನೇ ನಿಮಿಷಕ್ಕೆ. ಮತ್ತೆ ಕೇಳಿದೆ, ಮತ್ತೆ ಕಾದೆ. ಮೂರನೆಯದನ್ನು ಕೇಳಿ ಕೂತಿದ್ದಾಗ ಎರಡನೆಯದು ಬಂತು, ಹಿಗ್ಗಿನಲ್ಲಿ ಅದನ್ನೇ ಒತ್ತಿದೆ. ತಪ್ಪು ಎಂದಿತು. ನಾಲ್ಕನೆಯದು ಬರಲೇ ಇಲ್ಲ. ಆಗ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ 'ಇನ್ನೊಂದೇ ಅವಕಾಶ ಉಳಿದಿದೆ' ಎಂದು ಬಂತು. ಗಡಿಯಾರದಲ್ಲಿ ನಾಲ್ಕೂ ನಲವತ್ತು.

ಕಿಟಕಿಯಾಚೆ ಹುಡುಗಿಯರು ಆಟ ನಿಲ್ಲಿಸಿ ಸಾಲಾಗಿ ನಿಂತಿದ್ದರು. ತಂಡದ ನಾಯಕಿ ರೇಣುಕಾ ಸರಳು ಹಿಡಿದು ಕೇಳಿದಳು: "ಸರ್, ಈ ವರ್ಷನೂ ಹಂಗ ಆಗ್ತೈತೇನ್ರಿ?"

ಅವಳು ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಸುಮ್ಮನೆ ಕೇಳಿದಳು. ನನಗೆ ನಾಚಿಕೆಯಾಯಿತು. ಎದ್ದು ಹೊಲದ ಕಡೆ ಓಡಿದೆ. ಅಟ್ಟಣಿಗೆಯ ಕೆಳಗೆ ನಿಂತು, "ಪಾರವ್ವಾ, ಈಗ ಫೋನಿಗೆ ಆರು ಅಂಕಿ ಬರ್ತಾವು. ಬಂದ ಕೂಡ್ಲೇ ಒಂದೊಂದಾಗಿ ಒದರಬೇಕು!" ಎಂದೆ.

"ಇಷ್ಟ ಏನ್ರಿ? ಎರಡು ಗಂಟೆಯಿಂದ ಕಿಸೆದಾಗ ಗುಂಯ್ ಗುಂಯ್ ಅನಾಕತ್ತಿತ್ತು. ಆಗ ಹೇಳಿದ್ರ ಆಗ ಒದರತಿದ್ದಿಲ್ಲೇನು?" ಎಂದಳು ಪಾರವ್ವ.

ಮರಳಿ ಓಡಿಬಂದು, ಹೊಲದ ಕಡೆಯ ಕಿಟಕಿ ತೆಗೆಸಿ, ಹುಡುಗಿಯರಿಗೆಲ್ಲ ಸುಮ್ಮನಿರಲು ಹೇಳಿ, ಕೊನೆಯ ಓಟಿಪಿ ಕೇಳಿದೆ. ಅರ್ಧ ನಿಮಿಷವೂ ಆಗಿರಲಿಲ್ಲ, ಜೋಳದ ಮೇಲಿಂದ ಆ ದನಿ ಹೊರಟಿತು.

"ನಾಕೂ!"

ನಾಲ್ಕು ಒತ್ತಿದೆ.

"ಲಾಭಾ!"

ನನ್ನ ಬೆರಳು ಗಾಳಿಯಲ್ಲೇ ನಿಂತಿತು. ಕೀಲಿಮಣೆಯಲ್ಲಿ ಅಂಥ ಗುಂಡಿ ಇರಲಿಲ್ಲ. ಕಿಟಕಿಗೆ ಮುಖ ಕೊಟ್ಟು, "ಲಾಭ ಇರ್ಲಿ ಪಾರವ್ವಾ, ಅಂಕಿ ಹೇಳು!" ಎಂದು ಕೂಗಿದೆ.

"ಅದನ್ನ ಹೇಳಾಕತ್ತೇನ್ರೀ! ಲಾಭಾ!"

ಆಗ ನೆನಪಾಯಿತು. ನನ್ನ ಅಪ್ಪ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ಎಂದೂ ಒಂದು ಎಂದವನಲ್ಲ. ಲಾಭ, ಎರಡು, ಮೂರು ಎಂದೇ ಎಣಿಸುತ್ತಿದ್ದ. ಚಿಕ್ಕಂದಿನಲ್ಲಿ ನಾನೂ ಚೀಲದ ಬಾಯಿ ಹಿಡಿದು ಹಾಗೆಯೇ ಎಣಿಸಿದ್ದೆ. ಪಾರವ್ವನಾದರೂ ಹಾಲುಗಾಳು ತುಂಬಿ ನಿಂತ ಬೆಳೆಯ ನಡುವೆ ನಿಂತು ಹೇಗೆ ಒಂದು ಎಂದಾಳು? ಅಡಿಗೆಮನೆಯಲ್ಲಿ ತಟ್ಟೆ ಎಣಿಸುವಾಗ ಒಂದು ಎನ್ನುತ್ತಾಳೆ, ಹೊಲದಲ್ಲಿ ಅನ್ನುವುದಿಲ್ಲ. ನಾನು ಕನ್ನಡದ ಮಾಸ್ತರ, ಒಕ್ಕಲಿಗನ ಮಗ, ಅಲ್ಲಿ ಬೆರಳೆತ್ತಿ ಕೂತಿದ್ದೆ. ಒಂದು ಒತ್ತಿದೆ.

"ಒಂಬತ್ತೂ! ಸೊನ್ನೀ! ಮತ್ತ ಲಾಭಾ! ಆರೂ!"

ಒತ್ತಿದೆ, 'ಸಲ್ಲಿಸಿ' ಎಂಬುದನ್ನೂ ಒತ್ತಿದೆ. ಚಕ್ರ ತಿರುಗಿತು, ತಿರುಗಿತು, ನಿಂತಿತು. 'ನಿಮ್ಮ ತಂಡದ ಅರ್ಜಿ ಸ್ವೀಕೃತವಾಗಿದೆ' ಎಂದು ಹಸಿರು ಅಕ್ಷರದಲ್ಲಿ ಬಂತು. ನಾನು ಕುರ್ಚಿಯಿಂದೆದ್ದು ಎರಡೂ ಕೈ ಮೇಲೆತ್ತಿದೆ. ಹುಡುಗಿಯರು ಎಬ್ಬಿಸಿದ ಗದ್ದಲಕ್ಕೆ ಜೋಳದ ಹಕ್ಕಿಗಳೆಲ್ಲ ಪಾರವ್ವನ ಅಪ್ಪಣೆಯಿಲ್ಲದೆಯೇ ಎದ್ದುಹೋದವು. ಇಷ್ಟು ಸಂತೋಷ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ.

ಸಂಜೆ ಪಾರವ್ವ ಫೋನು ತಂದುಕೊಟ್ಟಳು. ಮುಖ ಸಣ್ಣದಾಗಿತ್ತು. "ಮಾಸ್ತರ, ಆ ಅಂಕಿ ಕೆಳಗ 'ಯಾರಿಗೂ ಹೇಳಬೇಡಿ' ಅಂತ ಬರದಿತ್ರಿ. ನಾ ಆಮ್ಯಾಲೆ ಓದಿದ್ನಿ. ಊರಿಗೆಲ್ಲಾ ಕೇಳಿಸಿಬಿಡ್ತು, ಏನೂ ಆಗಂಗಿಲ್ಲಲ್ರಿ?" ನಾನು ಏನೂ ಆಗುವುದಿಲ್ಲವೆಂದು ಹೇಳಿ ಅವಳಿಗೆ ಕೈ ಮುಗಿದೆ.

ಹುಡುಗಿಯರು ಹೋದರು, ಆಡಿದರು, ಗೆದ್ದ ಕಪ್ಪು ಹೊತ್ತುಕೊಂಡೇ ಬಂದರು. ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಅದನ್ನು ಮೇಜಿನ ಮೇಲಿಟ್ಟು, ಪಾರವ್ವನಿಗೆ ದೊಡ್ಡ ಬಾಯಾರೇ ಶಾಲು ಹೊದಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಮಕ್ಕಳೇ, ಸರ್ ಅವರನ್ನ ನೋಡಿ ಕಲೀರಿ. ಅವತ್ತು ನನಗ ಮೀಟಿಂಗ್‌ನಾಗ ಜೀವಾ ನಿಲ್ಲವಲ್ದಾಗಿತ್ತು. ಐದಕ್ಕ ಎರಡು ನಿಮಿಷ ಇತ್ತು ನೋಡ್ರಿ, 'ಅರ್ಜಿ ಹೋತ್ರಿ, ಚಿಂತಿ ಬ್ಯಾಡ' ಅಂತ ಅವರ ಮೆಸೇಜ್ ಬಂತು. ಬ್ಯಾರೆಯವರಾಗಿದ್ರ ಕೆಲಸ ಆಗೂ ಮೊದ್ಲ ಆತು ಅಂತ ಹೇಳಿಬಿಡತಿದ್ರು. ಇವರು ಹಂಗಲ್ಲ, ಕೆಲಸ ಮುಗಿಸೇ ಹೇಳಾವ್ರು."

ಮಕ್ಕಳು ಚಪ್ಪಾಳೆ ತಟ್ಟಿದರು. ಆ ಸಂದೇಶವನ್ನು ನಾನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಕಳಿಸಿದ್ದು ಮೂರೂವರೆಗೆ, ಎರಡನೇ ಓಟಿಪಿ ಹಾಳಾದ ಮೇಲೆ, ಅಂಜಿಕೆಗೆ. ಅದು ಫೋನಿಗೆ ಹೋಗಿ, ಅಲ್ಲಿಂದ ಹೊರಟು, ನವಲಗುಂದ ಮುಟ್ಟುವ ಹೊತ್ತಿಗೆ ನಿಜವಾಗಿತ್ತು. ನಾನು ತಲೆ ತಗ್ಗಿಸಿ ನಿಂತೆ. ಅದನ್ನು ಅವರು ವಿನಯವೆಂದು ತಿಳಿದು ಇನ್ನೊಮ್ಮೆ ಚಪ್ಪಾಳೆ ತಟ್ಟಿಸಿದರು.