ಓಣಿಯ ಮೇಲೆ ಬಿದ್ದ ಕೆಂಪು ಗೆರೆ

ಮದುವೆಯಾದ ಹೊಸತರಲ್ಲಿ ಮುದಿಯಪ್ಪ ಹೆಂಡತಿಗೆ ಒಂದು ಮಾತು ಕೊಟ್ಟಿದ್ದ. ತಿಪ್ಪವ್ವ ಬೆಳವಣಕಿಯ ದೊಡ್ಡ ರಸ್ತೆಯ ಮೇಲಿನ ಮನೆಯವಳು. ಒಲೆಯ ಮುಂದೆ ಕೂತೇ ಬಸ್ಸಿನಿಂದ ಇಳಿದವರ ಕುಲಗೋತ್ರ ಹೇಳುತ್ತ ಬೆಳೆದವಳು. ಗಜೇಂದ್ರಗಡದ ನೇಕಾರರ ಓಣಿಗೆ ಬಂದಾಗ ಬಾಗಿಲಿನೆದುರು ಕಂಡದ್ದು ಪುರಸಭೆಯವರು ಬಿಡಾಡಿ ದನ ಕೂಡಿಹಾಕುವ ಕೊಂಡವಾಡ, ಅದರೊಳಗೆ ಯಾರೂ ಬಿಡಿಸಿಕೊಳ್ಳಲು ಬಾರದ ಒಂದು ಕತ್ತೆ. ಅವಳ ಮುಖ ನೋಡಿ ಮುದಿಯಪ್ಪ, "ಅಳಬ್ಯಾಡ. ನಿನ್ನ ಅಡಗಿಮನಿ ಬಾಗಲಾ ದೊಡ್ಡ ರಸ್ತಾಕ್ಕ ಹಚ್ಚಿ ಕೊಡ್ತೀನಿ, ನಮ್ಮಪ್ಪನಾಣಿ," ಎಂದಿದ್ದ.

ಆ ಮಾತಿಗೆ ಹತ್ತೊಂಬತ್ತು ವರ್ಷ ತುಂಬಿತ್ತು. ಎರಡು ಸಾವಿರದ ಆರನೇ ಇಸವಿ. ಒಂದು ಬೆಳಿಗ್ಗೆ ಮೈಕು ಕಟ್ಟಿದ ರಿಕ್ಷಾ ಓಣಿಗೆ ಬಂತು. ಊರಿನ ಮುಂದಿನ ಇಪ್ಪತ್ತು ವರ್ಷದ ನಕ್ಷೆ ತಯಾರಾಗಿದೆ, ಎಲ್ಲಿ ಮನೆ, ಎಲ್ಲಿ ಮಾರುಕಟ್ಟೆ, ಎಲ್ಲಿ ರಸ್ತೆ ಎಂಬುದನ್ನು ಪುರಸಭೆಗೆ ಬಂದು ನೋಡಿಕೊಳ್ಳಬೇಕು, ತಕರಾರಿದ್ದರೆ ಇವತ್ತು ಮೂರು ಗಂಟೆಯೊಳಗೆ ಕೊಡಬೇಕು ಎಂದು ಕೂಗಿ, ಓಣಿಗೆಲ್ಲ ಹೊಗೆ ಹಂಚಿ ಹೋಯಿತು.

"ಮುದಿಯಪ್ಪಣ್ಣ, ನೀನ ಹೋಗಿ ನೋಡ್ಕೊಂಡ ಬಾ," ಎಂದ ಪಕ್ಕದ ಮನೆಯ ಟ್ರಂಕಿನ ವ್ಯಾಪಾರಿ ಗೌಸುಸಾಬ. "ನಕ್ಷಾ ಅಂದ್ರ ಮತ್ತೇನು, ಸೀರಿ ದಡಿ ಇದ್ದಂಗ. ನಿನ್ನಷ್ಟು ಚಿತ್ರಾ ಬಲ್ಲವ್ರು ಓಣ್ಯಾಗ ಯಾರದಾರ?"

ಹೊಗಳಿದರೆ ಮುದಿಯಪ್ಪ ಬಿಸಿಲಿಗಿಟ್ಟ ಬೆಲ್ಲ. ಲಾಳಿ ಕೆಳಗಿಟ್ಟು ಹೊರಟೇಬಿಟ್ಟ.

ಪುರಸಭೆಯಲ್ಲಿ ನಕ್ಷೆಯನ್ನು ತೆಳು ಕಾಗದದ ಮೇಲೆ ಬರೆದು, ಬೆಳಕು ಬೀಳಲೆಂದು ಕಿಟಕಿಯ ಗಾಜಿಗೆ ಒಳಗಿನಿಂದ ಅಂಟಿಸಿದ್ದರು. ಅದರ ಮುಂದೆ ಜನ ಜಾಲಿಕಂಟಿಯ ಹಾಗೆ ಹೆಣೆದುಕೊಂಡಿದ್ದರು. ಮುದಿಯಪ್ಪ ಎರಡು ಸಲ ನುಗ್ಗಿದ. ಎರಡೂ ಸಲ ಗುಂಪು ಅವನನ್ನು ಕಹಿ ಸೌತೆಕಾಯಿಯಂತೆ ಉಗುಳಿತು. ಆಗ ಅವನಿಗೊಂದು ಉಪಾಯ ಹೊಳೆಯಿತು. ಕಟ್ಟಡ ಸುತ್ತಿ ಹಿಂದುಗಡೆಯಿಂದ ಅದೇ ಕಿಟಕಿಗೆ ಬಂದು ನಿಂತ. ಅಲ್ಲಿ ನರಪಿಳ್ಳೆ ಇರಲಿಲ್ಲ. ಇಡೀ ಊರು ಬಣ್ಣಬಣ್ಣವಾಗಿ ಕಂಡಿತು. ಓದು ಬಾರದವನಾದ್ದರಿಂದ ಅಕ್ಷರದ ಗೊಡವೆಗೆ ಹೋಗಲಿಲ್ಲ. ಬಾವಿ ಸಿಕ್ಕಿತು, ಬಾವಿಯಿಂದ ಹೊರಟ ಓಣಿ ಸಿಕ್ಕಿತು. ಓಣಿಯ ಎಡಬದಿಯ ಮೇಲೆ ಬೆರಳಗಲದ ಕೆಂಪು ಗೆರೆ, ಅಂದರೆ ಹೊಸ ರಸ್ತೆ.

ಎಡಬದಿಗೇ ಅವನ ಮನೆ. ಮುಂದಿನ ಕೋಣೆಯಲ್ಲೇ ಕುಣಿಮಗ್ಗ. ಅದು ಹೋದರೆ ಅನ್ನವೇ ಹೋದಂತೆ.

ಓಡಿ ಬಂದು ಸುದ್ದಿ ಹೇಳಿದ. ಗೌಸುಸಾಬನ ತಾಯಿ ಕಾಶೀಂಬಿ ಎದೆ ಬಡಿದುಕೊಂಡಳು. "ಮುಂದಿನ ಕೋಲ್ಯಾಗ ನನ್ನ ಹೊರಸ ಐತಲ್ಲೋ ಮುದಿಯಾ! ನಾ ಮಲಗಿದಾಗ ಬಸ್ ಬಂದ್ರ ಎಬ್ಬಸ್ತಾರೋ, ಹಂಗ ಹೋಗಿಬಿಡ್ತಾರೋ?"

"ಹಾರ್ನ್ ಹೊಡೀತಾರ ತಗೋ ಅಮ್ಮಾ," ಎಂದ ಗೌಸುಸಾಬ.

ಅರ್ಜಿ ಬರೆಯುವ ಶ್ರೀಧರನನ್ನು ಕರೆಸಿದರು. ಅವನು ಪೆನ್ನಿನ ಟೊಪ್ಪಿಗೆ ತೆಗೆದು, "ಎದುರಿನ ಕೊಂಡವಾಡಕ್ಕ ಒಯ್ಯಿರಿ ಅಂತ ಬರೀಲೇನ್ರಿ?" ಎಂದ.

"ಹುಚ್ಚ ಅದೀ ಏನು?" ಕಾಶೀಂಬಿ ಗದರಿದಳು. "ಕೊಂಡವಾಡ ಪುರಸಭಾದವ್ರದು. ತಮ್ಮ ಜಾಗಾ ಯಾರರೆ ಬಿಡ್ತಾರ? ಹೆಸರ ಹೇಳದ ನಾಜೂಕಿಲೆ ಬರಿ."

ಶ್ರೀಧರ ನಾಜೂಕಾಗಿ ಬರೆದ: 'ಕೆಂಪು ಗೆರೆಯನ್ನು ಈಗಿರುವ ಬದಿಯಿಂದ ತೆಗೆದು ಓಣಿಯ ಎದುರು ಬದಿಗೆ ಒಯ್ಯಬೇಕಾಗಿ ವಿನಂತಿ.' ಆ ಸಾಲಿನ ಏಳೂ ಮನೆಯವರು ಸಹಿ, ಹೆಬ್ಬೆಟ್ಟು ಒತ್ತಿದರು.

ಮೂರಕ್ಕೆ ಮೊದಲೇ ಅರ್ಜಿ ಪುರಸಭೆ ಮುಟ್ಟಿತು. ಮುಖ್ಯಾಧಿಕಾರಿ ಅದನ್ನು ಓದಿ, ನಕ್ಷೆಯ ಕಡೆ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು.

"ಖರೇನ ಎಲ್ಲಾರೂ ಒಪ್ಪೀರಿ? ಆಮ್ಯಾಲ ಅಳಾಂಗಿಲ್ಲ."

"ಯಾಕ ಅಳೂಣ್ರಿ ಸಾಹೇಬ್ರ? ಪೇಢೆ ಹಂಚತೀವಿ," ಎಂದ ಮುದಿಯಪ್ಪ.

ನಾಲ್ಕಕ್ಕೆ ಸಭೆ ಕೂತಿತು. ಒಳಗೆ ಮೇಜು ಕುಟ್ಟುವ ಸದ್ದಾಯಿತು. ಮುಖ್ಯಾಧಿಕಾರಿ ಹೂಮಾಲೆ ಹಿಡಿದೇ ಹೊರಗೆ ಬಂದರು. "ಮುಂಜಾನಿಂದ ನಲವತ್ತು ತಕರಾರು ಬಂದ್ವು. ಎಲ್ಲಾ 'ನನ್ನ ಜಾಗಾ ಬಿಡ್ರಿ, ಅವನ ಜಾಗಾ ತಗೋರಿ' ಅನ್ನಾವ. ನಿಮ್ಮಂಥಾ ದೊಡ್ಡ ಮನಸ್ಸು ನಾ ನೋಡೇ ಇಲ್ಲ!" ಎಂದು ಮುದಿಯಪ್ಪನ ಕೊರಳಿಗೆ ಹಾಕಿದರು. ತಮ್ಮ ತಕರಾರೂ ಅದೇ ಜಾತಿಯದಲ್ಲವೇ ಎಂದು ಮುದಿಯಪ್ಪನಿಗೆ ಅನಿಸಿತು. ಆದರೆ ಬಂದ ಮಾಲೆಯನ್ನು ಬೇಡವೆನ್ನುವುದು ಹೇಗೆ?

ಅಷ್ಟರಲ್ಲಿ ನಕ್ಷೆ ಬರೆದಿದ್ದ ನೇತ್ರಾ ಎಂಬ ಹುಡುಗಿ, ತಿದ್ದಲೆಂದು ಅದನ್ನು ಗಾಜಿನಿಂದ ಬಿಡಿಸಿ ಮೇಜಿನ ಮೇಲೆ ಹಾಸಿದಳು. ಬಾವಿ, ಓಣಿ, ಕೆಂಪು ಗೆರೆ. ಗೆರೆ ಮಾತ್ರ ಬಲಕ್ಕಿತ್ತು.

"ತಂಗಿ, ಉಲ್ಟಾ ಹಾಸೀದಿ," ಎಂದ ಮುದಿಯಪ್ಪ.

"ಇಲ್ರಿ ಕಾಕಾ, ಇದ ಬರೋಬ್ಬರಿ ಐತಿ. ನೀವು ಎಲ್ಲಿಂದ ನೋಡಿದ್ರಿ?"

ಮುದಿಯಪ್ಪ ಕಿಟಕಿಯ ಹಿಂದುಗಡೆ ಬೆರಳು ತೋರಿಸಿದ. ಅವನ ಮಗ್ಗದಲ್ಲಿ ಸೀರೆಯ ಮುಖ ನೆಲಕ್ಕೆ, ಬೆನ್ನು ನೇಯುವವನಿಗೆ. ಮೂವತ್ತು ವರ್ಷ ಬೆನ್ನನ್ನೇ ನೋಡಿ ಹೂಬಳ್ಳಿ ತೆಗೆದ ಕಣ್ಣಿಗೆ, ಬೆನ್ನ ಕಡೆಯಿಂದ ಕಂಡ ಊರೂ ಸರಿಯಾಗಿಯೇ ಕಂಡಿತ್ತು.

"ಅಯ್ಯ ಕಾಕಾ!" ನೇತ್ರಾ ಬಾಯಿಗೆ ಕೈ ಹಿಡಿದಳು. "ಗೆರಿ ಕೊಂಡವಾಡದ ಮ್ಯಾಲ ಇತ್ತಲ್ರಿ. ಸುಮ್ನ ಮನ್ಯಾಗ ಕುಂತಿದ್ರ ನಿಮ್ಮ ಕೋಲಿ ಉಳೀತಿತ್ತು. ಈಗ ನೀವ ಬರದ ಕೊಟ್ಟೀರಿ ಅಂತ ನಿಮ್ಮ ಮ್ಯಾಲ ಬಂತು."

"ಹಂಗಾರ ತಿರುಗಿ ಅಲ್ಲೇ ಒಯ್ದ ಬಿಡವ್ವಾ."

"ಠರಾವು ಪಾಸಾಗೇತ್ರಿ. ನಿಮ್ಮ ಹೆಸರಿಗೆ ಚಪ್ಪಾಳಿನೂ ಬರಕೊಂಡಾರ."

ಮಾಲೆ ಹಾಕಿಕೊಂಡೇ ಬಂದವನನ್ನು ಕಂಡು ಓಣಿ ಕೇಕೆ ಹಾಕಿತು. ಸಂಗತಿ ಕೇಳಿದ ಮೇಲೆ ಮೊದಲು ನಕ್ಕವಳು ಕಾಶೀಂಬಿ. "ಹೋಗ್ಲಿ ಬಿಡ್ರೋ. ಉಳಿದ ಹಿಂದಿನ ಕೋಲೀನ ಅಂಗಡಿ ಆಗ್ತೈತಿ. ರಸ್ತಾಕ್ಕ ಬಂದರರೆ ಇವನ ಟ್ರಂಕ್ ಯಾರಾರ ನೋಡ್ಯಾರು."

ಗೌಸುಸಾಬ ಗಡ್ಡ ಕೆರೆದುಕೊಂಡ. "ಮುದಿಯಪ್ಪಣ್ಣ, ಹಿತ್ತಲದಾಗ ನಂದೊಂದು ತಗಡಿನ ಶೆಡ್ ಐತಿ. ಮಗ್ಗಾ ಅಲ್ಲೇ ಹೂಡು. ಆದ್ರ ಇನ್ನ ಮ್ಯಾಲ ನಕ್ಷಾ ಅಂದ್ರ ಕಣ್ಣ ಮುಚ್ಚಿಕೋ."

ತಿಪ್ಪವ್ವ ಮಗ್ಗದ ಕೋಣೆಯನ್ನು ಈ ತುದಿಯಿಂದ ಆ ತುದಿಗೆ ಹೆಜ್ಜೆ ಹಾಕಿ ಅಳೆದು ಗಂಡನ ಕಡೆ ತಿರುಗಿದಳು. "ಏನ್ರಿ, ಈ ಕೋಲಿ ಹೋದ್ರ ರಸ್ತಾಕ್ಕ ಯಾವ ಬಾಗಲಾ ಬರ್ತೈತಿ?"

"ಅಡಗಿಮನೀದು," ಎಂದ ಮುದಿಯಪ್ಪ, ತಲೆ ತಗ್ಗಿಸಿಯೇ.

ತಿಪ್ಪವ್ವ ಒಳಗೆ ಹೋಗಿ ಎಲ್ಲರಿಗೂ ಚಹಾಕ್ಕಿಟ್ಟಳು.

ಎರಡು ವರ್ಷಕ್ಕೆ ರಸ್ತೆ ಬಂತು. ಮುಂದಿನ ಕೋಣೆ ಹೋಯಿತು. ಮುದಿಯಪ್ಪ ಹೆಂಡತಿಗೆ ಕೊಟ್ಟ ಮಾತು ನಡೆಸಿದ.