ಬಂದೂಕಿಗೆ ಬೀಗ ಹಾಕಿಸಿದ್ದು

ಬಂದೂಕಿನಿಂದ ಯಾರಿಗೂ ಅಪಾಯವಾಗದಂತೆ ನೋಡಿಕೊಳ್ಳುವುದು ಬುದ್ಧಿವಂತನಿಗೆ ಕಷ್ಟದ ಕೆಲಸವಲ್ಲ. ನಾನು ಬುದ್ಧಿವಂತ ಎಂಬುದರಲ್ಲಿ ಆಗ ನನಗೆ ಸಂಶಯವೇ ಇರಲಿಲ್ಲ.

ಯುದ್ಧದ ಕಾಲ. ಬೆಸಗರಹಳ್ಳಿಯ ನಮ್ಮ ಮನೆಯಲ್ಲಿ ಲೈಸೆನ್ಸು ಪಡೆದ ನಾಡಬಂದೂಕೊಂದಿತ್ತು, ಕಬ್ಬಿನ ಗದ್ದೆಗೆ ನುಗ್ಗುವ ಹಂದಿ ಓಡಿಸಲು. ಹೆರಿಗೆಗೆಂದು ಮಳವಳ್ಳಿಯ ತವರಿಗೆ ಹೋದ ನನ್ನ ಹೆಂಡತಿ ಪುಟ್ಟಮ್ಮ, ಮಗ ಅಂಬೆಗಾಲಿಟ್ಟರೂ ಹಿಂತಿರುಗಲಿಲ್ಲ. "ಬಂದೂಕ ಇರೋ ಮನೆಗೆ ಮಗೀನ ಕರ್ಕಂಡ್ ಬರಾಕಿಲ್ಲ" ಎಂದು ಹೇಳಿಕಳಿಸಿದಳು.

ಬಂದೂಕು ಬಿಟ್ಟರೆ ಕಬ್ಬು ಹಂದಿಗೆ. ಇಟ್ಟುಕೊಂಡರೆ ಮನೆಯಲ್ಲಿ ನಾನೊಬ್ಬನೇ. ಮುದ್ದೆ ಮಾಡಹೊರಟರೆ ಅಂಬಲಿಯಾಗುತ್ತಿತ್ತು. ಊಟಕ್ಕೆ ಕೂತಾಗ ಎದುರಿಗೆ ಇನ್ನೊಂದು ತಟ್ಟೆ ಇಟ್ಟು, ಆಮೇಲೆ ನೆನಪಾಗಿ ಎತ್ತಿಡುತ್ತಿದ್ದೆ. ಮಾತು ಬೇಕೆನಿಸಿದಾಗ ಎತ್ತುಗಳ ಹತ್ತಿರ ಹೋಗುತ್ತಿದ್ದೆ. ಅವೂ ಮುಖ ತಿರುಗಿಸತೊಡಗಿದವು!

ಕೊನೆಗೆ ಉಪಾಯ ಹೊಳೆಯಿತು. ಮದ್ದೂರಿನಲ್ಲಿ ಸೈಕಲ್ಲು, ಇಂಜಿನ್ನು ರಿಪೇರಿ ಮಾಡುವ ಇಮಾಂ ಸಾಬರಿಂದ ಒಂದು ಯಂತ್ರ ಮಾಡಿಸಿದೆ. ಗುಂಡು ಹಾರಿಸಲು ಬೆರಳಿಂದ ಎಳೆಯುವ ಕುದುರೆಯನ್ನು ಎರಡೂ ಕಡೆಯಿಂದ ಮುಚ್ಚುವ ಕಬ್ಬಿಣದ ತಗಡು, ಒಳಗೆ ಸ್ಪ್ರಿಂಗು. ಒತ್ತಿದರೆ ತಾನೇ ಬೀಗ ಬೀಳುತ್ತದೆ. ಕೀಲಿಕೈ ಇಲ್ಲದೆ ದೇವರಿಗೂ ತೆಗೆಯಲಾಗದು!

"ಇನ್ನು ಯಾರ್ ಬೆರಳೂ ಒಳೀಕೆ ಓಗಾಕಿಲ್ಲ ಗೌಡ್ರೇ" ಎಂದರು ಸಾಬರು.

ಮದ್ದು ತುಂಬದ ಬಂದೂಕನ್ನು ಗೋಣಿಯಲ್ಲಿ ಸುತ್ತಿ, ಹೆಂಡತಿಗೆ ತೋರಿಸಲೆಂದು, ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಮಳವಳ್ಳಿಯ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವರು, "ಅದೇನಣ್ಣ?" ಎಂದರು. ಎಷ್ಟೋ ದಿನಗಳ ಮೇಲೆ ಮನುಷ್ಯರೊಬ್ಬರು ನನ್ನನ್ನು ಏನೋ ಕೇಳಿದ್ದರು! ಹಿಗ್ಗಿಹೋದೆ. ಗೋಣಿ ಬಿಚ್ಚಿ, ಬೀಗ ತೆಗೆದು, ಪ್ರಾತ್ಯಕ್ಷಿಕೆ ಆರಂಭಿಸಿದೆ.

"ನೋಡಿ, ಮಗ ಇಂಗೆ ಬೆರಳಿಟ್ಟ ಅನ್ಕಳಿ..."

ಬಸ್ಸು ಗುಂಡಿಗೆ ಇಳಿಯಿತು. ಚಟಕ್! ಬೆರಳು ಒಳಗೆ. ಕೈಜಾರಿದ ಕೀಲಿಕೈ ಬಸ್ಸಿನ ನೆಲಹಲಗೆಯ ಸಂದಿಯಿಂದ ರಸ್ತೆಗೆ.

"ನಿಲ್ಸಿ!" ಎಂದು ಬಂದೂಕಿನ ಸಮೇತ ಎದ್ದು ನಿಂತೆ. ಬಸ್ಸು ನಿಂತಿತು. ಕೀಲಿ ಹುಡುಕಲು ಎಲ್ಲರೂ ಇಳಿದರೆಂದುಕೊಂಡೆ. ಓಡಿಹೋಗಲು ಇಳಿದಿದ್ದರು!

ಧೂಳಿನಲ್ಲಿ ಎಷ್ಟು ತಡಕಿದರೂ ಕೀಲಿ ಸಿಗಲಿಲ್ಲ. ಕಂಡಕ್ಟರು ದೂರದಿಂದಲೇ ಕೈಮುಗಿದು, "ನೀವ್ ನಡ್ಕಂಡ್ ಬನ್ನಿ ಸಾಮಿ" ಎಂದ. ನಡೆದೆ. ಎದುರು ಬಂದವರೆಲ್ಲ ಗದ್ದೆಗಿಳಿದು ದಾರಿ ಬಿಟ್ಟರು. ಅಷ್ಟು ಒಂಟಿಯಾಗಿ ನಾನು ಎಂದೂ ನಡೆದಿರಲಿಲ್ಲ.

ಜಗಲಿಯ ಮೇಲಿದ್ದ ಮಾವ ನನ್ನನ್ನು ಕಂಡವರೇ ಒಳಗೆ ಹೋಗಿ ಅಗುಳಿ ಹಾಕಿದರು. "ಅಯ್ಯೋ, ಅಳೀಮಯ್ಯ ಬಂದೂಕ ಇಡ್ಕಂಡು ಎಂಡ್ತೀನ ಕರ್ಕಂಡೋಗಾಕ್ ಬಂದವ್ನೆ!"

ಕಿಟಕಿಯಲ್ಲಿ ಪುಟ್ಟಮ್ಮನ ಮುಖ ಕಂಡಿತು.

"ಅದ್ನ ಬಿಸಾಕಿ ಮಾತಾಡಿ!"

"ನಾನು ಬುಟ್ರೂ ಅದು ನನ್ನ ಬುಡ್ತಾ ಇಲ್ಲ ಕಣೆ!"

ಊದಿದ ಬೆರಳನ್ನು ಕಂಡ ಮೇಲೆ ಬಾಗಿಲು ತೆರೆಯಿತು. ಕುಲುಮೆಯ ಆಚಾರಿ ಬಂದು ತಗಡು ಕತ್ತರಿಸಿದಾಗ ಬೆರಳು ಹೊರಬಂತು. ಜೊತೆಗೆ ಕುದುರೆಯೂ ಮುರಿದು ಕೈಗೆ ಬಂತು. ಮಗ ನನ್ನ ಗುರುತು ಸಿಗದೆ ಅತ್ತ. ಬೆರಳು ನೋವಿನ ನೆಪದಲ್ಲಿ ನಾನೂ ಸ್ವಲ್ಪ ಅತ್ತೆ.

"ಬಂದೂಕ ಸತ್ತೋಯ್ತಲ್ಲ, ನಡಿ ಮನೆಗೆ" ಎಂದೆ.

ಪುಟ್ಟಮ್ಮ ಬೆರಳಿಗೆ ಅರಿಶಿನ ಕಟ್ಟುತ್ತ, "ಬಂದೂಕದ ಭಯ ಓಯ್ತು ಬುಡಿ, ನಿಮ್ದು ಓಗಿಲ್ಲ. ಮಗ ವಸಿ ದೊಡ್ಡೋನಾಗ್ಲಿ" ಎಂದಳು.

ಮಾವ ಆ ಬಂದೂಕನ್ನು ಚೆನ್ನಾಗಿ ಒರೆಸಿ, ತಮ್ಮ ನಡುಮನೆಯಲ್ಲಿ ಅಂದಕ್ಕೆಂದು ನೇತುಹಾಕಿಕೊಂಡರು. ಅದರ ಕೆಳಗೇ ಮಗ ಆಡುತ್ತಿದ್ದ. ಬಂದೂಕು ಅಲ್ಲೇ ಉಳಿಯಿತು. ಅಪಾಯಕಾರಿಯಾದ ನಾನು ಬೆಸಗರಹಳ್ಳಿಗೆ ವಾಪಸಾದೆ!