ಆಡು ನಿಂತ ಬಿಂದು

ನಿರ್ದೇಶಾಂಕಗಳನ್ನು ಕಪ್ಪು ಹಲಗೆಯ ಮೇಲೆ ಕಲಿಸುವುದು ಹಳೆಯ ಪದ್ಧತಿ, ಮಕ್ಕಳನ್ನೇ ಬಿಂದುಗಳಾಗಿ ಅಂಗಳದಲ್ಲಿ ನಿಲ್ಲಿಸಿದರೆ ಒಬ್ಬರೂ ತಪ್ಪುವುದಿಲ್ಲ ಎಂದು ರಾಯಚೂರಿನ ಶಿಕ್ಷಕರ ಸಭೆಯಲ್ಲಿ ಎದೆಯುಬ್ಬಿಸಿ ಹೇಳಿದೆ. ಚಪ್ಪಾಳೆ ಬಿತ್ತು. ಅಷ್ಟಕ್ಕೇ ಕೂತಿದ್ದರೆ ಆಗುತ್ತಿತ್ತು. "ಒಂದು ಮಗು ತಪ್ಪಿದರೂ ಈ ವಿಧಾನವನ್ನೇ ಬಿಡುತ್ತೇನೆ!" ಎಂದೂ ಸೇರಿಸಿದೆ.

ಸಭೆಗೆ ಬಂದಿದ್ದ ಶಿಕ್ಷಣಾಧಿಕಾರಿ ಸಾಹೇಬರು ನಕ್ಕರು. "ಛಲೋ ಆತು. ಸೋಮವಾರ ನಿಮ್ಮ ಬಾಗಲವಾಡ ಸಾಲಿಗೆ ನಾನೇ ಬರ್ತೀನಿ, ತೋರಸ್ರಿ."

ಅವತ್ತಿನಿಂದ ನನಗೆ ಊಟ ಸೇರಲಿಲ್ಲ. ಮಾನ್ವಿಯ ಮನೆಯಲ್ಲಿ ಹೆಂಡತಿ ಸುಮಂಗಲಾ ಕೇಳಿದಳು, "ಯಾಕ್ರಿ, ಚಟ್ನ್ಯಾಗೂ ಗೆರಿ ಹೊಡಿಯಾಕತ್ತೀರಿ?"

ನೋಡಿದರೆ ಹೌದು! ತಟ್ಟೆಯಲ್ಲಿ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದಿದ್ದೆ. ವಿಷಯ ಹೇಳಿದೆ.

"ಬಾಯಿ ಬಿಟ್ರ ಬಣ್ಣಗೇಡು ಅನ್ನೂದು ನಿಮ್ಮನ್ನ ನೋಡೇ ಹೇಳ್ಯಾರ," ಎಂದು ಇನ್ನೊಂದು ರೊಟ್ಟಿ ಹಾಕಿದಳು.

ಭಾನುವಾರ ಶಾಲೆಯ ಅಂಗಳವನ್ನು ಸಮ ಮಾಡಿಸಿ, ಸೆಗಣಿ ಸಾರಿಸಿ, ಸುಣ್ಣದಿಂದ ಗೆರೆ ಎಳೆಸಿದೆ. ಅಡ್ಡಕ್ಕೆ ಎಕ್ಸ್ ಅಕ್ಷ, ಉದ್ದಕ್ಕೆ ವೈ ಅಕ್ಷ, ನಡುವೆ ದೊಡ್ಡ ದೊಡ್ಡ ಚೌಕಗಳು. ಕಣ್ಣಿಗೆ ಹಬ್ಬ! ಸುಗ್ಗಿಯ ದಿನಗಳಲ್ಲಿ ಸಾರಿಸಿದ ನೆಲವನ್ನು ಊರವರು ಏನೆಂದು ಕರೆಯುತ್ತಾರೆ ಎಂಬುದು ಮಾತ್ರ ನನ್ನ ಗಣಿತದ ತಲೆಗೆ ಹೊಳೆಯಲಿಲ್ಲ.

ಕಣ ಎಂದು ಕರೆಯುತ್ತಾರೆ!

ಸೋಮವಾರ ಬೆಳಿಗ್ಗೆ ಬಂದು ನೋಡುತ್ತೇನೆ, ಚೌಕ ಚೌಕದಲ್ಲೂ ಭತ್ತ! ಎದುರುಮನೆಯ ಬಸಮ್ಮ ಕಾಲಿನಿಂದ ಹರವುತ್ತಿದ್ದಳು.

"ಯವ್ವಾ, ಇದೇನು ಮಾಡಾಕತ್ತೀರಿ?" ಎಂದು ಅವಳ ಬಳಿಗೆ ಓಡಿದೆ.

"ಬಾಳ ಛಲೋ ಮಾಡಿದ್ರಿ ಸರ! ವರ್ಷಾ ಒಬ್ಬರ ನೆಲ್ಲು ಒಬ್ಬರದಕ್ಕ ಕೂಡಿ ಜಗಳ ಆಗತಿತ್ತು. ಈ ಸಲ ಮನಿಗೊಂದು ಖಾನಿ ಹಾಕಿಸೀರಿ. ನಡಕ ಬಿಳೀ ದಾರಿನೂ ಬಿಟ್ಟೀರಿ!"

ಅಷ್ಟರಲ್ಲಿ ಸಾಹೇಬರ ಜೀಪು ಬಂತು. ಪುಣ್ಯಕ್ಕೆ ಗೆರೆಗಳ ಮೇಲೆ ಯಾರೂ ಭತ್ತ ಹಾಕಿರಲಿಲ್ಲ. ದೇವರ ಮೇಲೆ ಭಾರ ಹಾಕಿ ಏಳನೆಯ ತರಗತಿಯನ್ನು ಕರೆದೆ.

"ಲಕ್ಷ್ಮೀ, ಎರಡು ಕಾಮಾ ಮೂರು!"

ಹುಡುಗಿ ಅಡ್ಡಕ್ಕೆ ಎರಡು, ಮೇಲಕ್ಕೆ ಮೂರು ಗೆರೆ ನಡೆದು ಸರಿಯಾಗಿ ನಿಂತಳು. "ನೆಲ್ಲು ತುಳೀಬ್ಯಾಡ್ರಲೇ!" ಎಂದು ಬಸಮ್ಮ ಕೂಗುತ್ತಿದ್ದಳು. ಯಾರೂ ತುಳಿಯಲಿಲ್ಲ, ಯಾರೂ ತಪ್ಪಲಿಲ್ಲ. ಸಾಹೇಬರು ತಲೆಯಾಡಿಸಿದರು. ನನಗೆ ಹೋದ ಜೀವ ಬಂತು.

ಜೀವದ ಹಿಂದೆಯೇ ಆಡೂ ಬಂತು! ಗೇಟು ದಾಟಿ ನೇರ ಬಸಮ್ಮನ ಭತ್ತಕ್ಕೆ ಬಾಯಿ ಹಾಕಿತು. ಬಸಮ್ಮ ಕಿರುಚಿದಳು.

"ನಾಲ್ಕು ಕಾಮಾ ಒಂದು! ಎಲ್ಲರೂ ಓಡಿ ಹೋಗಿ ಆಡು ಹೊಡೀರಿ!" ಎಂದು ಕೂಗಿದೆ.

ಇಡೀ ತರಗತಿ ಗೆರೆಗುಂಟ ಓಡಿತು. ಅಡ್ಡಕ್ಕೆ ನಾಲ್ಕು, ಮೇಲಕ್ಕೆ ಒಂದು. ಅಲ್ಲಿ ಆಡು ಇರಲಿಲ್ಲ! ಅದು ಅಂಗಳದ ಇನ್ನೊಂದು ಮೂಲೆಯಲ್ಲಿ ನೆಮ್ಮದಿಯಾಗಿ ಮೇಯುತ್ತಿತ್ತು.

"ಸರ, ಅದು ಒಂದು ಕಾಮಾ ನಾಲ್ಕರಾಗ ಅದ!" ಎಂದಳು ಲಕ್ಷ್ಮಿ. "ಮೊದಲ ಅಡ್ಡ, ಆಮ್ಯಾಲ ಉದ್ದ ಅಂತ ನೀವೇ ಹೇಳೀರಿ!"

ಬಸಮ್ಮ ನನ್ನ ಕೈಯ ಕೋಲು ಕಸಿದುಕೊಂಡು ತಾನೇ ಓಡಿದಳು. ಸಾಹೇಬರು ನಗು ತಡೆಯಲಾರದೆ ಜೀಪು ಹತ್ತಿದರು. "ಮಾಸ್ತರ, ವಿಧಾನ ಬಿಡಬ್ಯಾಡ್ರಿ. ಮಕ್ಕಳೆಲ್ಲಾ ಕಲತಾರ. ಇನ್ನ ನೀವೂ ಕಲೀರಿ."

ಬಸಮ್ಮನ ಅಪ್ಪಣೆಯಂತೆ ಸಂಜೆಯವರೆಗೆ ಆಡು ಬರದಂತೆ ಭತ್ತ ಕಾದು ಮನೆಗೆ ಬಂದೆ.

"ಏನಾತ್ರಿ?" ಎಂದಳು ಸುಮಂಗಲಾ.

"ಒಂದು ಮಗುವೂ ತಪ್ಪಲಿಲ್ಲ," ಎಂದೆ. ಆಮೇಲೆ ಬಾಯಿ ಬಿಟ್ಟಿದ್ದು ರೊಟ್ಟಿಗೆ ಮಾತ್ರ.